ಮೀನಿನ ತೊಟ್ಟಿಗೆ ಗಟ್ಟಿಮುಟ್ಟಾದ ಮರದ ಸ್ಟ್ಯಾಂಡ್: ಮರ ಆರಿಸುವುದರಿಂದ ನೀರು ತುಂಬುವವರೆಗೆ

ನಾನು ಮಾಡಿದ ಮೊದಲ ಸ್ಟ್ಯಾಂಡು ಎಂಟು ತಿಂಗಳು ಚೆನ್ನಾಗಿಯೇ ನಿಂತಿತ್ತು. ಒಂದು ಸಂಜೆ ಮೀನಿನ ಆಹಾರದ ಡಬ್ಬಿ ತೆಗೆಯೋಣ ಅಂತ ಕೆಳಗಿನ ಬಾಗಿಲು ಎಳೆದರೆ ಬರಲೇ ಇಲ್ಲ. ತೇವಕ್ಕೆ ಮರ ಉಬ್ಬಿರಬೇಕು ಅಂದುಕೊಂಡೆ. ಹೇಗೋ ಎಳೆದು ತೆಗೆದು, ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿದೆ. ಜೋಡಿಸುವಾಗ ಕಾಲಿನ ಮೇಲೆ ಎಳೆದಿದ್ದ ಪೆನ್ಸಿಲ್ ಗೆರೆಗಿಂತ ಮೇಲಿನ ಚೌಕಟ್ಟು 4 ಮಿಮೀ ಕೆಳಗೆ ಜಾರಿತ್ತು. ಸ್ಕ್ರೂಗಳು ಮುರಿದಿರಲಿಲ್ಲ, ಬಾಗಿದ್ದವು. ದುಂಡಗೆ ಕೊರೆದಿದ್ದ ತೂತುಗಳು ಮೊಟ್ಟೆ ಥರ ಉದ್ದವಾಗಿದ್ದವು. ಅದರ ಮೇಲೆ ಕಾಲು ಟನ್ನಿನ ಹತ್ತಿರದ ಭಾರ ಕೂತಿತ್ತು!

ಅವತ್ತು ರಾತ್ರಿ ಬಕೆಟ್ಟುಗಳಲ್ಲಿ ನೀರು ಖಾಲಿ ಮಾಡುತ್ತಾ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಮರ ಸಣ್ಣದಾಗಿರಲಿಲ್ಲ, ಕೆಟ್ಟದ್ದೂ ಅಲ್ಲ. ನಾನು ಚೌಕಟ್ಟನ್ನು ಕಾಲುಗಳ ಪಕ್ಕಕ್ಕೆ ಸ್ಕ್ರೂ ಹೊಡೆದು ನೇತು ಹಾಕಿದ್ದೆ. ಅಷ್ಟೂ ಭಾರ ಎಂಟು ಸ್ಕ್ರೂಗಳ ಕುತ್ತಿಗೆ ಮೇಲಿತ್ತು. ಈಗಿನ ಸ್ಟ್ಯಾಂಡಿನಲ್ಲಿ ಚೌಕಟ್ಟು ಕಾಲುಗಳ ತಲೆಯ ಮೇಲೆಯೇ ಕೂತಿದೆ. ಎಲ್ಲ ಸ್ಕ್ರೂ ಬಿಚ್ಚಿದರೂ ಭಾರ ಹೊರುವುದಕ್ಕೆ ಅದಕ್ಕೇನೂ ತೊಂದರೆ ಇಲ್ಲ. ಕೆಳಗೆ ಬರೆದಿರುವ ಅಳತೆ, ಜೋಡಣೆ ಎಲ್ಲದರ ಹಿಂದಿರುವುದು ಈ ಒಂದೇ ಲೆಕ್ಕ.

ಮೊದಲು ತೂಕ ನೋಡೋಣ

ಉದಾಹರಣೆಗೆ 90 × 45 × 45 ಸೆಂಮೀ ತೊಟ್ಟಿ, ಅಂದರೆ ಮೂರು ಅಡಿಯದ್ದು, ತೆಗೆದುಕೊಂಡಿದ್ದೇನೆ. ನೀರು ಲೀಟರಿಗೆ ಒಂದು ಕೆಜಿ. 40 ಸೆಂಮೀ ಎತ್ತರಕ್ಕೆ ತುಂಬಿದರೆ 162 ಲೀಟರ್. ಗಾಜಿನ ಲೆಕ್ಕ ಸುಲಭ: ಒಂದು ಚದರ ಮೀಟರ್ ಗಾಜು ಪ್ರತಿ ಮಿಮೀ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. 8 ಮಿಮೀ ಗಾಜಿನ ಈ ತೊಟ್ಟಿ ಖಾಲಿ ಇದ್ದಾಗಲೇ 32 ಕೆಜಿ ಆಯಿತು. ತಳಕ್ಕೆ 5 ಸೆಂಮೀ ಮರಳು ಹಾಕಿದರೆ ಇನ್ನೊಂದು 30 ಕೆಜಿ, ಕಲ್ಲು ಇಟ್ಟರೆ 15. ಮರಳು, ಕಲ್ಲು ಕೂತ ಜಾಗದಷ್ಟು ನೀರು ಕಡಿಮೆ ಹಿಡಿಯುತ್ತದೆ, ಅದನ್ನು ಕಳೆದರೂ ಹತ್ತಿರ ಹತ್ತಿರ 220 ಕೆಜಿ. ಸ್ಟ್ಯಾಂಡಿನದ್ದೇ ತೂಕ 35-40. ಒಟ್ಟು 260 ಕೆಜಿ ಅಂತ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಇದೆ. ಇಬ್ಬರು ಮೂವರು ಒಂದು ಬೆಂಚಿನ ಮೇಲೆ ಕೂತು ಎದ್ದು ಹೋಗುತ್ತಾರೆ. ತೊಟ್ಟಿ ಎದ್ದು ಹೋಗುವುದಿಲ್ಲ. ಮರದ ಮೇಲೆ ಸದಾ ಒಂದೇ ಭಾರ ಇದ್ದರೆ ಅದು ವರ್ಷಗಟ್ಟಲೆ ನಿಧಾನಕ್ಕೆ ಬಗ್ಗುತ್ತಾ ಹೋಗುತ್ತದೆ. ಮೊದಲ ದಿನ ಒಂದು ಮಿಮೀ ಬಗ್ಗಿದ್ದು ಕೊನೆಗೆ ಎರಡಾಗಬಹುದು. ಹಾಗಾಗಿ "ಇಷ್ಟು ಸಾಕಾಗುತ್ತೆ ಬಿಡು" ಅನ್ನುವ ಮರಕ್ಕಿಂತ ಒಂದು ಹಂತ ದಪ್ಪದ್ದನ್ನೇ ತೆಗೆದುಕೊಳ್ಳಿ.

ನೆಲದ ಬಗ್ಗೆಯೂ ಒಂದು ಮಾತು. ಕಾಂಕ್ರೀಟ್ ನೆಲದ ಮೇಲೆ, ಗೋಡೆ ಪಕ್ಕಕ್ಕೆ ಇಟ್ಟರೆ ಮೂರಡಿ ತೊಟ್ಟಿಗೆ ಸಾಮಾನ್ಯವಾಗಿ ಚಿಂತೆ ಇಲ್ಲ. ಹಲಗೆ ಹಾಸಿದ ಮರದ ನೆಲವಾದರೆ ಕೆಳಗಿನ ತೊಲೆಗಳು ಯಾವ ಕಡೆಗೆ ಓಡುತ್ತವೆ ನೋಡಿ, ಸ್ಟ್ಯಾಂಡು ಅವುಗಳಿಗೆ ಅಡ್ಡವಾಗಿ, ಎರಡು ಮೂರು ತೊಲೆಗಳ ಮೇಲೆ ಬರುವ ಹಾಗೆ ಇಡಿ. ಐದಾರು ಅಡಿಯ ತೊಟ್ಟಿಯನ್ನು ಮಹಡಿ ಮೇಲೆ ಇಡುವುದಾದರೆ ಮೊದಲು ಒಬ್ಬ ಎಂಜಿನಿಯರ್ ಹತ್ತಿರ ಕೇಳಿ.

ಮರ ಆರಿಸುವುದು

ತೇಗ ಸಿಕ್ಕರೆ ಒಳ್ಳೆಯದು, ನೀರಿಗೆ ಹೆದರುವುದಿಲ್ಲ. ಆದರೆ ತೇಗವೇ ಬೇಕು ಅಂತೇನೂ ಇಲ್ಲ. ಚೆನ್ನಾಗಿ ಒಣಗಿದ ಪೈನ್ ಮರದಲ್ಲೂ ಗಟ್ಟಿ ಸ್ಟ್ಯಾಂಡು ಆಗುತ್ತದೆ, ಅದಕ್ಕೆ ಪಾಲಿಶ್ ಮಾತ್ರ ಎಲ್ಲೂ ಬಿಡದೆ ಹಚ್ಚಬೇಕು. ಜಾತಿಗಿಂತ ಒಣಗಿದೆಯೋ ಇಲ್ಲವೋ ಅನ್ನುವುದು ಮುಖ್ಯ. ಹಸಿ ಮರ ಮನೆಯೊಳಗೆ ಬಂದ ಮೇಲೆ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ತಂದ ತಕ್ಷಣ ಕೊಯ್ಯಬೇಡಿ. ಸ್ಟ್ಯಾಂಡು ನಿಲ್ಲುವ ಕೋಣೆಯಲ್ಲೇ, ನಡುವೆ ಗಾಳಿಯಾಡುವಂತೆ ಸಣ್ಣ ತುಂಡು ಕೊಟ್ಟು, ಎರಡು ವಾರ ಮಲಗಿಸಿ. ಆಮೇಲೂ ನೆಟ್ಟಗಿದ್ದರೆ ಆ ಮರ ನಿಮ್ಮದು.

ಆರಿಸುವಾಗ ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿ. ಬಿಲ್ಲಿನಂತೆ ಸ್ವಲ್ಪವೇ ಬಾಗಿದ್ದರೆ ಪರವಾಗಿಲ್ಲ, ಉಬ್ಬಿದ ಭಾಗ ಮೇಲಕ್ಕೆ ಬರುವ ಹಾಗೆ ಹಾಕಿ ಕೀಸಿ ಸರಿ ಮಾಡಬಹುದು. ತಿರುಚಿಕೊಂಡಿದ್ದರೆ ಮಾತ್ರ ಬೇಡವೇ ಬೇಡ. ಗಂಟುಗಳಿದ್ದ ತುಂಡನ್ನು ಕಾಲಿಗೆ ಬಳಸಿ. ಉದ್ದನೆಯ ಪಟ್ಟಿಯ ನಡುಭಾಗದಲ್ಲಿ, ಅದರಲ್ಲೂ ಕೆಳ ಅಂಚಿನಲ್ಲಿ, ಗಂಟು ಇರಬಾರದು. ಭಾರ ಬಿದ್ದಾಗ ಎಳೆತ ಬರುವುದು ಅಲ್ಲಿಯೇ, ಬಿರುಕು ಶುರುವಾಗುವುದೂ ಅಲ್ಲಿಂದಲೇ.

ನಾನು ಬಳಸಿದ್ದು ಕೀಸಿದ ಮೇಲೆ 40 × 90 ಮಿಮೀ ಬಂದ ಮರ. 2 × 4 ಇಂಚು ಅಂತ ಕೊಡುವ ಮರ ಕೀಸಿದ ಮೇಲೆ ಸುಮಾರು 38 × 89 ಮಿಮೀ ಇರುತ್ತದೆ. ಹೆಸರು ನಂಬಿ ಕೊಯ್ಯಬೇಡಿ, ಟೇಪು ಹಿಡಿದು ನೋಡಿ, ನನ್ನ ಅಳತೆಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಪಟ್ಟಿಯನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಹಾಕಬೇಕು, ಅಂದರೆ 90 ಮಿಮೀ ಎತ್ತರಕ್ಕೆ ಬರಬೇಕು. ಮರ ಬಗ್ಗದೆ ನಿಲ್ಲುವ ಶಕ್ತಿ ಅದರ ಎತ್ತರದ ಘನಕ್ಕೆ (ಎತ್ತರ × ಎತ್ತರ × ಎತ್ತರ) ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಇದೇ 40 × 90 ಪಟ್ಟಿಯನ್ನು ಮಲಗಿಸಿ ಹಾಕಿದರೆ ಐದು ಪಟ್ಟು ಜಾಸ್ತಿ ಬಗ್ಗುತ್ತದೆ. ಒಂದು ಮರದ ಸ್ಕೇಲು ತೆಗೆದುಕೊಂಡು ಮಲಗಿಸಿ ಒತ್ತಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಲೆಕ್ಕವೇ ಬೇಡ, ಬೆರಳಿಗೇ ಗೊತ್ತಾಗುತ್ತದೆ.

ಮೇಲಿನ ಹಲಗೆಗೆ 18 ಮಿಮೀ ವಾಟರ್‌ಪ್ರೂಫ್ ಪ್ಲೈವುಡ್ ಬೇಕು. ಹಿಂಬದಿ, ಪಕ್ಕಗಳು ಮತ್ತು ಒಳಗಿನ ತಳಕ್ಕೆ 9 ಮಿಮೀ ಪ್ಲೈ ಸಾಕು. ಮರದ ನಾರು, ಪುಡಿ ಒತ್ತಿ ಮಾಡುವ ಎಂಡಿಎಫ್, ಪಾರ್ಟಿಕಲ್ ಬೋರ್ಡು ಕಡೆ ತಲೆ ಹಾಕಬೇಡಿ. ತೊಟ್ಟಿ ತೊಳೆಯುವಾಗ ಒಂದು ಲೋಟ ನೀರು ಚೆಲ್ಲುವುದು ಮಾಮೂಲು. ಆ ಬೋರ್ಡು ಅದನ್ನು ಕುಡಿದು ಬ್ರೆಡ್ಡಿನ ಥರ ಉಬ್ಬಿ ನಿಲ್ಲುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

ಕೊಯ್ದುಕೊಳ್ಳಬೇಕಾದ ತುಂಡುಗಳು

ಒಟ್ಟು ಎತ್ತರ 75 ಸೆಂಮೀ. ಕುರ್ಚಿಯಲ್ಲಿ ಕೂತು ನೋಡುವವರಿಗೆ ಮೀನು ಕಣ್ಣಿನ ಮಟ್ಟಕ್ಕೆ ಬರುತ್ತದೆ, ಒಳಗೆ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿದ್ದು ನೀರು ಸೋಸುವ ಡಬ್ಬಿ) ಇಡಲೂ ಜಾಗ ಸಿಗುತ್ತದೆ. ಚೌಕಟ್ಟಿನ ಹೊರ ಅಳತೆ ತೊಟ್ಟಿಯ ತಳದಷ್ಟೇ, 900 × 450 ಮಿಮೀ. ಬೇಕಂತಲೇ ಹಾಗೆ ಇಟ್ಟಿದ್ದು. ಗಾಜಿನ ಗೋಡೆಗಳು ನೇರವಾಗಿ ಪಟ್ಟಿಗಳ ಮೇಲೆಯೇ ಬರಬೇಕು, ಪ್ಲೈವುಡ್ಡಿನ ತೂಗುವ ಅಂಚಿನ ಮೇಲಲ್ಲ.

40 × 90 ಮಿಮೀ ಮರದಲ್ಲಿ:
- ಉದ್ದಪಟ್ಟಿ, 900 ಮಿಮೀ: 4 (ಮೇಲೆ ಎರಡು, ಕೆಳಗೆ ಎರಡು)
- ಅಡ್ಡಪಟ್ಟಿ, 370 ಮಿಮೀ: 6 (ಮೇಲೆ ಮೂರು, ಕೆಳಗೆ ಮೂರು)
- ಕಾಲು, 552 ಮಿಮೀ: 8

40 × 40 ಮಿಮೀ ಮರದಲ್ಲಿ:
- ಮೂಲೆಪಟ್ಟಿ, 730 ಮಿಮೀ: 4
- ಆಸರೆ ತುಂಡು, 90 ಮಿಮೀ: 2

ಪ್ಲೈವುಡ್:
- ಮೇಲ್ಹಲಗೆ, 18 ಮಿಮೀ ದಪ್ಪ: 920 × 470
- ಹಿಂಬದಿ, 9 ಮಿಮೀ: 900 × 732
- ಪಕ್ಕ, 9 ಮಿಮೀ: 459 × 732, ಎರಡು
- ಒಳತಳ, 9 ಮಿಮೀ: ಕೊನೆಗೆ ಜಾಗ ನೋಡಿ ಕೊಯ್ಯುವುದು

ದಪ್ಪ ಮರ ಸುಮಾರು 10.2 ಮೀಟರ್ ಆಗುತ್ತದೆ. ಗರಗಸಕ್ಕೆ ಹೋಗುವುದು, ಬಿರುಕು ಬಿಟ್ಟ ತುದಿ ಕತ್ತರಿಸುವುದು ಎಲ್ಲ ಸೇರಿ 12 ಮೀಟರ್ ತನ್ನಿ. ತೆಳು ಮರ ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು.

ಕಾಲು ಎಂಟು ಯಾಕೆ ಅಂತ ಕೇಳಬಹುದು. ಪ್ರತಿ ಮೂಲೆಗೆ ಎರಡು. ಒಂದು ಉದ್ದಪಟ್ಟಿಯ ತುದಿಯ ಕೆಳಗೆ, ಇನ್ನೊಂದು ಅದಕ್ಕೆ ಅಂಟಿಕೊಂಡು ಅಡ್ಡಪಟ್ಟಿಯ ತುದಿಯ ಕೆಳಗೆ. ಮೇಲಿನಿಂದ ನೋಡಿದರೆ ಮೂಲೆಮಟ್ಟದ ಹಾಗೆ ಕಾಣುತ್ತದೆ. ಹೀಗೆ ಮಾಡಿದರೆ ನಾಲ್ಕೂ ಬದಿಯ ಪಟ್ಟಿಗಳಿಗೆ ಕೆಳಗೆ ಮರವೇ ಸಿಗುತ್ತದೆ. ಮೂಲೆಗೆ ಒಂದೇ ಕಾಲು ಕೊಟ್ಟರೆ ಅಡ್ಡಪಟ್ಟಿ ಮತ್ತೆ ಸ್ಕ್ರೂಗೆ ನೇತಾಡುತ್ತದೆ, ನನ್ನ ಹಳೇ ಕಥೆಯೇ ಆಗುತ್ತದೆ.

ಸ್ಕ್ರೂ: ಚೌಕಟ್ಟಿಗೆ 5 ಮಿಮೀ ದಪ್ಪದ 80 ಮಿಮೀ ಉದ್ದದ್ದು, ಮೂಲೆಪಟ್ಟಿಗೆ 65 ಮಿಮೀ, ಮೇಲ್ಹಲಗೆಗೆ 40, ತೆಳು ಪ್ಲೈಗೆ 30. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಅಥವಾ ಸತುವಿನ ಲೇಪ ಇರುವುದು ಇರಲಿ. ಜಿಪ್ಸಮ್ ಬೋರ್ಡಿಗೆ ಹೊಡೆಯುವ ಕಪ್ಪು ಸ್ಕ್ರೂ ಬೇಡ. ಅದು ಗಡುಸು, ಬಾಗುವ ಬದಲು ಪಟ್ಟನೆ ಮುರಿಯುತ್ತದೆ. ಇದರ ಜೊತೆಗೆ ನೀರು ತಡೆಯುವ ಮರದ ಅಂಟು, ನಾಲ್ಕು ಕ್ಲ್ಯಾಂಪು, ಮೂಲೆಮಟ್ಟ, ರಸಮಟ್ಟ, ಡ್ರಿಲ್ಲು, ಗರಗಸ, ಸ್ಯಾಂಡ್ ಪೇಪರ್. ಇಷ್ಟು ಇದ್ದರೆ ಶುರು ಮಾಡಬಹುದು.

ಕೊಯ್ಯುವಾಗ

ಇಡೀ ಕೆಲಸದಲ್ಲಿ ಒಂದೇ ಒಂದು ಕಡೆ ಹಠ ಹಿಡಿಯುವುದಾದರೆ ಇಲ್ಲಿ ಹಿಡಿಯಿರಿ: ಎಂಟು ಕಾಲುಗಳೂ ಒಂದೇ ಉದ್ದ ಇರಬೇಕು. 552 ಮಿಮೀ ಬದಲು ಎಂಟೂ 550 ಆದರೂ ನಡೆಯುತ್ತದೆ. ಏಳು 552, ಒಂದು 550 ಆದರೆ ನಡೆಯುವುದಿಲ್ಲ. ಆ ಒಂದು ಕಾಲು ಸುಮ್ನೆ ನಿಂತಿರುತ್ತದೆ, ಅದರ ಪಾಲಿನ ಭಾರವನ್ನು ಉಳಿದವು ಹೊರುತ್ತವೆ, ಗಾಜು ತಿರುಚಿಕೊಳ್ಳುತ್ತದೆ.

ಪ್ರತಿ ಸಲ ಟೇಪು ಹಿಡಿದು ಗುರುತು ಹಾಕಿದರೆ ಒಂದೇ ಅಳತೆ ಬರುವುದಿಲ್ಲ. ಮೇಜಿಗೆ ಒಂದು ತಡೆ ಮೊಳೆ ಅಥವಾ ತುಂಡು ಬಿಗಿದು, ಮರದ ತುದಿಯನ್ನು ಅದಕ್ಕೆ ತಾಗಿಸಿ ಕೊಯ್ಯುತ್ತಾ ಹೋಗಿ. ಕೊಯ್ದ ಎಂಟನ್ನೂ ಚಪ್ಪಟೆ ನೆಲದ ಮೇಲೆ ನಿಲ್ಲಿಸಿ, ಒತ್ತಾಗಿ ಜೋಡಿಸಿ, ಕ್ಲ್ಯಾಂಪು ಹಾಕಿ. ಈಗ ಕಣ್ಣು ಮುಚ್ಚಿ ಅಂಗೈಯನ್ನು ತಲೆಗಳ ಮೇಲೆ ನಿಧಾನಕ್ಕೆ ಸವರಿ. ಅರ್ಧ ಮಿಮೀ ಏರಿಳಿತ ಇದ್ದರೂ ಚರ್ಮಕ್ಕೆ ತಾಗುತ್ತದೆ, ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತದೆ. ಎದ್ದು ನಿಂತದ್ದನ್ನು ಹೊರಗೆ ತೆಗೆದು ದಪ್ಪ ಸ್ಯಾಂಡ್ ಪೇಪರಿನಿಂದ ತಿಕ್ಕಿ, ಮತ್ತೆ ಜೋಡಿಸಿ ನೋಡಿ. ನನಗೆ ಇದಕ್ಕೇ ಅರ್ಧ ದಿನ ಹಿಡಿಯಿತು, ಆದರೆ ಆ ಅರ್ಧ ದಿನ ಕೊಟ್ಟಿದ್ದಕ್ಕೆ ಬೇಸರವಿಲ್ಲ.

ತುದಿಗಳು ನೇರವಾಗಿ, ಮೂಲೆಮಟ್ಟಕ್ಕೆ ಸರಿಯಾಗಿ ಕೊಯ್ದಿರಬೇಕು. ಓರೆಯಾಗಿದ್ದರೆ ಕಾಲಿನ ತಲೆಯ ಒಂದು ಅಂಚು ಮಾತ್ರ ಪಟ್ಟಿಗೆ ತಾಗುತ್ತದೆ.

ಚೌಕಟ್ಟು ಕಟ್ಟುವುದು

ಕೆಳಗಿನ ಚೌಕಟ್ಟು ಮೊದಲು. ಎರಡು ಉದ್ದಪಟ್ಟಿಗಳ ನಡುವೆ ಮೂರು ಅಡ್ಡಪಟ್ಟಿಗಳು: ಎರಡು ತುದಿಯಲ್ಲಿ, ಒಂದು ಮಧ್ಯದಲ್ಲಿ. ಎಲ್ಲವೂ ಅಂಚಿನ ಮೇಲೆ ನಿಂತಿರಲಿ. ಪ್ರತಿ ಕೂಡುವಲ್ಲಿ ಅಂಟು ಹಚ್ಚಿ, ಮೊದಲು ತೂತು ಕೊರೆದು, ಎರಡೆರಡು 80 ಮಿಮೀ ಸ್ಕ್ರೂ ಹಾಕಿ. 5 ಮಿಮೀ ಸ್ಕ್ರೂಗೆ ಮೆತ್ತನೆ ಮರದಲ್ಲಿ 3 ಮಿಮೀ ತೂತು, ಗಟ್ಟಿ ಮರದಲ್ಲಿ ಮೂರೂವರೆ. ತೂತಿಲ್ಲದೆ ಹೊಡೆದರೆ ತುದಿ ಸೀಳುತ್ತದೆ, ಅದರಲ್ಲೂ ತೇಗ.

ಅಂಟು ಹಸಿ ಇರುವಾಗಲೇ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕಡೆಯಿಂದ 1006 ಮಿಮೀ ಬಂದರೆ ಚೌಕಟ್ಟು ಚೌಕವಾಗಿದೆ. ಒಂದು ಕಡೆ 1009, ಇನ್ನೊಂದು ಕಡೆ 1003 ಬಂದರೆ, ಉದ್ದ ಬಂದ ಮೂಲೆಗಳನ್ನು ಒಂದಕ್ಕೊಂದು ಒತ್ತಿ ಸರಿ ಮಾಡಿ, ಕ್ಲ್ಯಾಂಪು ಬಿಗಿದು ಒಣಗಲು ಬಿಡಿ.

ಮೇಲಿನ ಚೌಕಟ್ಟೂ ಹಾಗೆಯೇ, ಒಂದು ವ್ಯತ್ಯಾಸ ಬಿಟ್ಟು. ಮಧ್ಯದ ಅಡ್ಡಪಟ್ಟಿಗೆ ಕೆಳಗೆ ಕಾಲು ಇಲ್ಲ. ಹಾಗೇ ಸ್ಕ್ರೂ ಹೊಡೆದರೆ ಅದೂ ನೇತಾಡಿದಂತೆಯೇ ಅಲ್ವಾ? ಅದಕ್ಕೆ ಆ ಒಂದನ್ನು ಮಾತ್ರ ಮಲಗಿಸಿ ಹಾಕಬೇಕು. ಮಲಗಿಸಿದಾಗ ಅದರ ಎತ್ತರ 40 ಮಿಮೀ, ಮೇಲ್ಮೈ ಉಳಿದ ಪಟ್ಟಿಗಳ ಮಟ್ಟಕ್ಕೇ ಇರಲಿ. ಆಗ ಅದರ ಕೆಳಗೆ ಉದ್ದಪಟ್ಟಿಯ ಒಳಮೈಯಲ್ಲಿ 50 ಮಿಮೀ ಜಾಗ ಉಳಿಯುತ್ತದೆ. ಅಲ್ಲಿ 90 ಮಿಮೀ ಉದ್ದದ ಆಸರೆ ತುಂಡನ್ನು ಅಂಟು ಹಚ್ಚಿ, ಕ್ಲ್ಯಾಂಪು ಹಾಕಿ, ಎರಡು ಸ್ಕ್ರೂ ಕೊಟ್ಟು ಕೂರಿಸಿ. ಆಸರೆ ತುಂಡಿನ ನಾರು ಉದ್ದಪಟ್ಟಿಯ ನಾರಿನ ಜೊತೆಗೇ ಓಡುವಂತೆ ಇಡಿ. ನಾರಿಗೆ ನಾರು ಸೇರಿಸಿ ಅಂಟಿಸಿದ್ದು ಒಣಗಿದ ಮೇಲೆ ಮರದಷ್ಟೇ ಗಟ್ಟಿ. ಎರಡು ಪಟ್ಟಿಗಳ ನಡುವಿನ ಅಂತರ 370 ಮಿಮೀ ಮಾತ್ರ ಇರುವುದರಿಂದ ಈ ಮಲಗಿದ ತುಂಡು ಬಗ್ಗುವ ಭಯವಿಲ್ಲ.

ಕಾಲು ನಿಲ್ಲಿಸುವುದು

ಚೌಕಟ್ಟುಗಳ ಅಂಟು ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ಕಾಲುಗಳನ್ನು ಎರಡೆರಡು ಜೋಡಿಸಿ. ಒಂದರ ಅಗಲದ ಮುಖಕ್ಕೆ ಇನ್ನೊಂದರ ಅಂಚು ತಾಗಬೇಕು, ಹೊರಗಡೆ ಎರಡೂ ಸಮ ಇರಬೇಕು. ಅಂಟು ಹಚ್ಚಿ ಮೂರು ಸ್ಕ್ರೂ ಹಾಕಿದರೆ ಮೂಲೆಕಾಲು ತಯಾರು. ನಾಲ್ಕು ಮಾಡಿಕೊಳ್ಳಿ.

ಇನ್ನು ಒಬ್ಬರ ಸಹಾಯ ಬೇಕು. ಕೆಳಚೌಕಟ್ಟನ್ನು ಸಮನೆಲದ ಮೇಲಿಟ್ಟು, ನಾಲ್ಕೂ ಮೂಲೆಯಲ್ಲಿ ಕಾಲು ನಿಲ್ಲಿಸಿ, ಮೇಲೆ ಇನ್ನೊಂದು ಚೌಕಟ್ಟನ್ನು ಕೂರಿಸಿ. ಇನ್ನೂ ಅಂಟಿಲ್ಲ, ಸ್ಕ್ರೂ ಇಲ್ಲ. ಈಗ ತೆಳು ಕಾಗದದ ಚೂರೊಂದನ್ನು ಕಾಲು ಮತ್ತು ಪಟ್ಟಿ ಸೇರುವ ಪ್ರತಿ ಜಾಗಕ್ಕೂ ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅಲ್ಲಿ ಸಂದಿಯಿದೆ ಅಂತ ಅರ್ಥ. ಅಲ್ಲಿ ಪುಡಿ, ಒಣಗಿದ ಅಂಟಿನ ಹನಿ ಸಿಕ್ಕಿಕೊಂಡಿರಬಹುದು, ಇಲ್ಲವೇ ಕಾಲು ಗಿಡ್ಡ. ಎಲ್ಲ ಕಡೆ ಬಿಗಿಯಾಗುವ ತನಕ ಮುಂದಿನ ಹೆಜ್ಜೆ ಇಡಬೇಡಿ.

ಬಿಗಿಯಾದ ಮೇಲೆ ಒಳಮೂಲೆಗಳಲ್ಲಿ 730 ಮಿಮೀ ಮೂಲೆಪಟ್ಟಿ ನಿಲ್ಲಿಸಿ. ಅದು ಕೆಳಚೌಕಟ್ಟು, ಕಾಲು, ಮೇಲಿನ ಚೌಕಟ್ಟು ಮೂರಕ್ಕೂ ತಾಗುತ್ತದೆ. 65 ಮಿಮೀ ಸ್ಕ್ರೂಗಳಿಂದ ಪ್ರತಿಯೊಂದಕ್ಕೂ ಎರಡೂ ಬದಿಯಿಂದ ಬಿಗಿಯಿರಿ, ಒಂದಕ್ಕೊಂದು ಡಿಕ್ಕಿಯಾಗದಂತೆ ಮೇಲೆ ಕೆಳಗೆ ಸರಿಸಿ ಹಾಕಿ. ಇವು ಭಾರ ಹೊರಲು ಅಲ್ಲ, ಎಲ್ಲವನ್ನೂ ಜಾಗ ಬಿಟ್ಟು ಕದಲದಂತೆ ಹಿಡಿಯಲು. ಚೌಕಟ್ಟಿನ ಒಟ್ಟು ಎತ್ತರ 732, ಮೂಲೆಪಟ್ಟಿ ಬೇಕಂತಲೇ 2 ಮಿಮೀ ಗಿಡ್ಡ. ಉದ್ದ ಇದ್ದರೆ ಮೇಲ್ಹಲಗೆಯನ್ನು ಮೂಲೆಯಲ್ಲಿ ಎತ್ತಿಬಿಡುತ್ತದೆ.

ಅಲುಗಾಟ ನಿಲ್ಲಿಸುವುದು

ಈಗ ಮೇಲೆ ಕೈಯಿಟ್ಟು ಪಕ್ಕಕ್ಕೆ ತಳ್ಳಿ ನೋಡಿ. ಸ್ವಲ್ಪ ವಾಲುತ್ತದೆ. ನೇರ ಭಾರಕ್ಕೆ ಈ ಸ್ಟ್ಯಾಂಡು ಟನ್ ಬೇಕಾದರೂ ಹೊತ್ತೀತು. ಸ್ಟ್ಯಾಂಡುಗಳು ಬೀಳುವುದು ಹೆಚ್ಚಾಗಿ ಪಕ್ಕಕ್ಕೆ, ಬೆಂಕಿಪೊಟ್ಟಣದ ಹೊರಕವಚ ಮಡಚಿಕೊಂಡ ಹಾಗೆ. ಅದೇ ಕವಚದ ಒಂದು ಬದಿಗೆ ಕಾಗದ ಅಂಟಿಸಿ ಮುಚ್ಚಿದರೆ ಮಡಚಲು ಆಗುವುದಿಲ್ಲ. ಹಿಂಬದಿಯ ಪ್ಲೈವುಡ್ ಮಾಡುವ ಕೆಲಸ ಅದು. ಅಂದಕ್ಕೆ ಅಂತ ಅಂದುಕೊಂಡು ಎಷ್ಟೋ ಜನ ಅದನ್ನೇ ಬಿಟ್ಟುಬಿಡುತ್ತಾರೆ.

ಹಿಂದಿನ ಹಲಗೆಗೆ ಅಂಟು ಹಚ್ಚಿ, ಮತ್ತೊಮ್ಮೆ ಮೂಲೆಯಿಂದ ಮೂಲೆಗೆ ಅಳೆದು, 15 ಸೆಂಮೀಗೆ ಒಂದರಂತೆ ಸುತ್ತಲೂ ಸ್ಕ್ರೂ ಹಾಕಿ. ಪಕ್ಕದ ಹಲಗೆಗಳೂ ಅಷ್ಟೇ, ಅವು ಹಿಂಬದಿಯ ಅಂಚನ್ನು ಮುಚ್ಚುವಂತೆ ಚೌಕಟ್ಟಿಗಿಂತ 9 ಮಿಮೀ ಜಾಸ್ತಿ ಅಗಲ ಇವೆ. ಹಾಕುವ ಮೊದಲೇ ಹಿಂಬದಿಯಲ್ಲಿ ಪೈಪು, ವೈರುಗಳಿಗೆ 5-6 ಸೆಂಮೀ ಅಗಲದ ಎರಡು ತೂತು ಮಾಡಿಕೊಳ್ಳಿ. ಮೂಲೆಗೆ ತೀರಾ ಹತ್ತಿರ ಬೇಡ. ಒಳಗಿನ ತೇವ ಆರಲು ಗಾಳಿಗೂ ಇದೇ ದಾರಿ.

ಎಲ್ಲ ಒಣಗಿದ ಮೇಲೆ ಮತ್ತೆ ತಳ್ಳಿ. ಮೊದಲಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ ನೀವೇ ನಗುತ್ತೀರಿ.

ಮೇಲ್ಹಲಗೆ

ಹಲಗೆ ಕೂರಿಸುವ ಮುಂಚೆ ನೆಟ್ಟಗಿರುವ ಒಂದು ಲೋಹದ ಪಟ್ಟಿಯನ್ನು ಚೌಕಟ್ಟಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ಎಲ್ಲಿ ನುಸುಳುತ್ತದೋ ಅಲ್ಲಿ ತಗ್ಗು. ಉಬ್ಬಿದ ಕಡೆ ಉಜ್ಜುಗೊರಡು ಆಡಿಸಿ ಸಮ ಮಾಡಿ. ಒಂದು ಮಿಮೀಗಿಂತ ಜಾಸ್ತಿ ಏರುಪೇರು ಇರಬಾರದು.

ಹಲಗೆ ಸುತ್ತಲೂ ಒಂದೊಂದು ಸೆಂಮೀ ಹೊರಗೆ ಬರುತ್ತದೆ. ಅಂಟು ಹಚ್ಚಿ, 40 ಮಿಮೀ ಸ್ಕ್ರೂ ಹಾಕಿ, ತಲೆಗಳು ಹಲಗೆಯೊಳಗೆ ಪೂರ್ತಿ ಮುಳುಗುವಂತೆ ತೂತಿನ ಬಾಯಿ ಅಗಲ ಮಾಡಿ. ಮೇಲೆ ಪುಟ್ಟಿ ತುಂಬಿ ತಿಕ್ಕಿ. ಗಾಜಿನ ತಳಕ್ಕೆ ಒಂದೇ ಒಂದು ಸ್ಕ್ರೂ ತಲೆ ತಾಗಿದರೂ ಸಾಕು, ಅಷ್ಟೂ ಒತ್ತಡ ಆ ಚುಕ್ಕೆಯ ಮೇಲೆ ಬಂದು ಬಿರುಕು ಬಿಡುತ್ತದೆ. ಗಟ್ಟಿ ಮರಳಿನ ಕಾಳು ಸಿಕ್ಕಿಕೊಂಡರೂ ಇದೇ ಅಪಾಯ.

ಪಾಲಿಶ್

80, 120, 180 ನಂಬರಿನ ಸ್ಯಾಂಡ್ ಪೇಪರ್ ಒಂದಾದ ಮೇಲೊಂದು ಉಜ್ಜಿ, ಒದ್ದೆ ಬಟ್ಟೆಯಲ್ಲಿ ಪುಡಿ ಒರೆಸಿ, ಒಣಗಿದ ಮೇಲೆ ಪಾಲಿಯುರೆಥೇನ್ ವಾರ್ನಿಶ್ ಮೂರು ಕೋಟು ಹಚ್ಚಿ. ನಡುವೆ 220ರಲ್ಲಿ ಹಗುರಾಗಿ ಉಜ್ಜಿ. ಅಂದವಾಗಿ ಕಾಣುವ ಮುಂಭಾಗಕ್ಕಿಂತ ಕಾಣದ ಜಾಗಗಳಿಗೆ ಜಾಸ್ತಿ ಗಮನ ಕೊಡಿ: ಪ್ಲೈವುಡ್ಡಿನ ಅಂಚು, ಪಟ್ಟಿಗಳ ಕೊಯ್ದ ತುದಿ, ಸ್ಟ್ಯಾಂಡಿನ ತಳ, ಪೈಪಿನ ತೂತುಗಳ ಒಳಬದಿ. ಮರ ನೀರು ಕುಡಿಯುವುದು ಈ ಬಾಯಿಗಳಿಂದಲೇ. ಕೊಯ್ದ ತುದಿಗಳು ಮೊದಲ ಕೋಟನ್ನು ಹೀರಿಬಿಡುತ್ತವೆ, ಅಲ್ಲಿ ಒಂದು ಕೋಟು ಹೆಚ್ಚಿಗೆ ಬೇಕು.

ವಾಸನೆ ಪೂರ್ತಿ ಹೋಗುವ ತನಕ ಗಾಳಿಯಾಡುವ ಕಡೆ ಇಡಿ. ಒಂದು ವಾರವಾದರೂ ಬೇಕು.

ಬಾಗಿಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾರಕ್ಕೂ ಅದಕ್ಕೂ ಸಂಬಂಧವಿಲ್ಲ, ನಿಮಗಿಷ್ಟವಾದ ಪ್ಲೈ, ಹಿಂಜು ಹಾಕಿಕೊಳ್ಳಿ, ಸುತ್ತ 3 ಮಿಮೀ ಸಂದಿ ಬಿಡಿ. ಒಳತಳದ ಹಲಗೆಯನ್ನು ಕಾಲುಗಳ ಸುತ್ತ ಕಚ್ಚು ತೆಗೆದು ಕೂರಿಸಿ, ಅಂಚುಗಳಿಗೆ ಸಿಲಿಕೋನ್ ಹಚ್ಚಿದರೆ ಚೆಲ್ಲಿದ ನೀರು ಕೆಳಗಿನ ಚೌಕಟ್ಟಿಗೆ ಇಳಿಯುವುದಿಲ್ಲ.

ನಿಲ್ಲಿಸಿ, ಮಟ್ಟ ನೋಡಿ

ತೊಟ್ಟಿ ಇಡುವ ಮುಂಚೆ ಜನರನ್ನೇ ಕೂರಿಸಿ ನೋಡಿ. ಮೂವರು ದೊಡ್ಡವರು ಒಟ್ಟಿಗೆ ಕೂತರೆ ಹತ್ತಿರ ಹತ್ತಿರ 200 ಕೆಜಿ. ಕಿರ್ ಅನ್ನುವ ಸದ್ದು ಬಂದರೆ ಎಲ್ಲಿಂದ ಅಂತ ಹುಡುಕಿ. ಆ ಸದ್ದು ಬರುವುದು ಮರ ತಿಕ್ಕಾಡುವ ಸಂದಿಯಿಂದ.

ಜಾಗಕ್ಕೆ ತಂದಿಟ್ಟು ರಸಮಟ್ಟ ಇಡಿ. ನೆಲ ಸಮ ಇರುವ ಮನೆ ನಾನಂತೂ ಕಂಡಿಲ್ಲ. ತಗ್ಗಿದ ಕಡೆ ಸ್ಟ್ಯಾಂಡಿನ ಅಡಿಗೆ, ಕಾಲು ಬರುವ ಜಾಗದಲ್ಲೇ, ಗಟ್ಟಿ ಪ್ಲಾಸ್ಟಿಕ್ ಚಕ್ಕೆ ಕೊಡಿ. ಮಡಚಿದ ರಟ್ಟು ಬೇಡ, ಒದ್ದೆಯಾದರೆ ಕುಸಿಯುತ್ತದೆ. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಚಕ್ಕೆ ತುರುಕುವುದಂತೂ ಯಾವತ್ತೂ ಬೇಡ. ಅಲ್ಲಿ ಗಾಜು ಗಾಳಿಯಲ್ಲಿ ನಿಂತಂತೆ ಆಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಹಿಂಬದಿಯಿಂದ ಗೋಡೆಗೆ ಎರಡು ಕಬ್ಬಿಣದ ಕೋನಪಟ್ಟಿ ಬಿಗಿಯಿರಿ, ಹಿಡಿದು ನೇತಾಡುವವರು ಅವರೇ.

ಥರ್ಮಾಕೋಲ್ ಅಥವಾ ಫೋಮ್ ಹಾಸುವ ವಿಚಾರದಲ್ಲಿ ತೊಟ್ಟಿಯ ತಳ ನೋಡಿ ತೀರ್ಮಾನಿಸಿ. ತಳದ ಗಾಜು ಪೂರ್ತಿ ಹಲಗೆಗೆ ತಾಗುವ, ಸುತ್ತ ಚೌಕಟ್ಟಿಲ್ಲದ ತೊಟ್ಟಿಗೆ 5ರಿಂದ 10 ಮಿಮೀ ಹಾಸು ಒಳ್ಳೆಯದು, ಸಣ್ಣ ಏರುಪೇರು ನುಂಗುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು, ತಳದ ಗಾಜು ಅದರೊಳಗೆ ಸ್ವಲ್ಪ ಮೇಲೆ ನಿಂತಿದ್ದರೆ ಹಾಸು ಹಾಕಬೇಡಿ. ಚೌಕಟ್ಟು ಫೋಮಿನಲ್ಲಿ ಇಳಿದಾಗ ಫೋಮು ಗಾಜನ್ನು ಕೆಳಗಿನಿಂದ ಒತ್ತುತ್ತದೆ.

ನೀರು ತುಂಬುವುದು

ಒಂದೇ ಸಲಕ್ಕೆ ತುಂಬಬೇಡಿ. ಕಾಲು ಭಾಗ ತುಂಬಿಸಿ ನಿಲ್ಲಿಸಿ. ಈಗ ನಿಮ್ಮ ಹತ್ತಿರ ಯಾವ ರಸಮಟ್ಟಕ್ಕಿಂತಲೂ ನಿಖರವಾದ ಸಾಧನವಿದೆ, ಆ ನೀರೇ. ನಾಲ್ಕೂ ಮೂಲೆಯಲ್ಲಿ ಗಾಜಿನ ಮೇಲಂಚಿನಿಂದ ನೀರಿನ ಮಟ್ಟಕ್ಕೆ ಸ್ಕೇಲಿನಲ್ಲಿ ಅಳೆಯಿರಿ. ಎರಡು ಮಿಮೀ ಒಳಗಿನ ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ನೀರು ಪೂರ್ತಿ ತೆಗೆದು ಅಡಿಯ ಚಕ್ಕೆ ಸರಿ ಮಾಡಿ. ನೀರಿರುವ ತೊಟ್ಟಿಯನ್ನು, ಎಷ್ಟೇ ಕಡಿಮೆ ಇದ್ದರೂ, ಎತ್ತಬಾರದು, ಅಂಟಿನ ಸಂದಿ ಬಿಟ್ಟುಕೊಳ್ಳುತ್ತದೆ. ಸರಿ ಇದ್ದರೆ ಅರ್ಧಕ್ಕೆ ಏರಿಸಿ, ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಅಳೆದು ಪೂರ್ತಿ ಮಾಡಿ.

ವೈರುಗಳು ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ. ವೈರಿನ ಮೇಲೆ ಇಳಿದು ಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡನ್ನು ಒಳತಳದ ಮೇಲೆ ಇಡಬೇಡಿ, ಪಕ್ಕದ ಹಲಗೆಗೆ ಎತ್ತರದಲ್ಲಿ ಬಿಗಿಯಿರಿ.

ತೊಟ್ಟಿ ನಾಲ್ಕಡಿಗಿಂತ ಉದ್ದವಾದರೆ ಇದೇ ನಕ್ಷೆಯನ್ನು ಸುಮ್ನೆ ಹಿಗ್ಗಿಸಬೇಡಿ. ಒಂದೋ ಪಟ್ಟಿಯ ಎತ್ತರ 140 ಮಿಮೀಗೆ ಏರಿಸಿ, ಇಲ್ಲವೇ ಹಿಂದೆ ಮುಂದೆ ನಡುವೆ ಒಂದೊಂದು ಕಾಲು ಸೇರಿಸಿ. ಬಾಗಿಲು ಎರಡಾಗುತ್ತದೆ, ಅಷ್ಟೇ ತಾನೇ.

ಕೊನೆಗೆ, ತೊಟ್ಟಿ ತುಂಬಿದ ದಿನ ಮೇಲ್ಹಲಗೆಯ ಮಟ್ಟಕ್ಕೆ ಹಿಂದಿನ ಗೋಡೆಯ ಮೇಲೆ, ಎರಡು ತುದಿ ಮತ್ತು ನಡುವೆ, ಚೂಪು ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಮೊದಲ ತಿಂಗಳಲ್ಲಿ ಅರ್ಧ ಮಿಮೀ ಇಳಿದರೆ ಗಾಬರಿ ಬೇಡ, ಮರ ಕೂತುಕೊಳ್ಳುತ್ತಿದೆ. ಎರಡು ಮಿಮೀ ದಾಟಿದರೆ, ಅಥವಾ ಒಂದು ತುದಿ ಮಾತ್ರ ಇಳಿಯುತ್ತಿದ್ದರೆ, ಬಾಗಿಲು ಸಿಕ್ಕಿಕೊಳ್ಳುವವರೆಗೆ ಕಾಯದೆ ಬಕೆಟ್ಟು ತನ್ನಿ.